ಪಾಚಿಯ ತೋಟಕ್ಕೆ ಒಂದು ಸುದ್ದಿ

ಸಾಲ್ಮಿಯಾ, ಕುವೈತ್
12 ಜುಲೈ 1990

ಯಾಮಿನಿ,

ನಿನ್ನ ಅತ್ತಿಗೆಯನ್ನೂ ಮಗುವನ್ನೂ ಮೊನ್ನೆ ವಿಮಾನ ಹತ್ತಿಸಿ ಬಂದೆ. ಶಾಲೆ ತೆರೆಯುವವರೆಗೆ ಮೈಸೂರಿನಲ್ಲಿ ಅಮ್ಮನ ಜೊತೆ ಇರುತ್ತಾರೆ. ಮನೆಯಲ್ಲಿ ಈಗ ನಾನು ಮತ್ತು ಏರ್ ಕಂಡೀಶನರ್, ಇಬ್ಬರೇ. ಹೊರಗೆ ಕಾಲಿಟ್ಟರೆ ಒಲೆಯ ಬಾಯಿಗೆ ಮುಖ ಕೊಟ್ಟ ಹಾಗೆ.

ಬರೆಯಲು ಕಾರಣ ಇದೆ. ನಮ್ಮ ಕಂಪನಿಯ ಹಿರಿಯ ಎಂಜಿನಿಯರ್ ನಿಶಿಯಾಮಾ ನಮ್ಮ ಕಟ್ಟಡದಲ್ಲೇ ಮೇಲಿನ ಮಹಡಿಯಲ್ಲಿದ್ದಾರೆ. ಸಮುದ್ರದ ನೀರನ್ನು ಸಿಹಿನೀರು ಮಾಡುವ ಸ್ಥಾವರ ಅವರ ಉಸ್ತುವಾರಿಯಲ್ಲಿದೆ. ಆಫೀಸಿನಲ್ಲಿ ಅವರು ಮಾತಾಡಿದ್ದನ್ನು ಕಂಡವರು ಕಡಿಮೆ. ನನ್ನ ತಂಗಿ ಕ್ಯೋಟೋದಲ್ಲಿದ್ದಾಳೆ, ಅವಳ ಗಂಡ ಅಲ್ಲಿ ರೇಷ್ಮೆ ಹುಳುವಿನ ರೋಗಗಳ ಮೇಲೆ ಸಂಶೋಧನೆ ಮಾಡುತ್ತಾನೆ ಎಂದು ನಿನ್ನೆ ಹೇಳಿದೆ ನೋಡು, ಮನುಷ್ಯ ಇದ್ದಕ್ಕಿದ್ದಂತೆ ಬದಲಾಗಿಬಿಟ್ಟರು. ಕ್ಯೋಟೋದ ಉತ್ತರಕ್ಕೆ, ಬೆಟ್ಟದ ಬುಡದಲ್ಲಿ, ಸುಯಿಗೆತ್ಸು ಎಂಬ ಹಳೆಯ ವಿಲ್ಲಾ ಇದೆಯಂತೆ. ಯಾವುದೋ ರಾಜವಂಶದವರು ಬೇಸಿಗೆಗೆಂದು ಕಟ್ಟಿಸಿದ್ದು. ಹೆಸರಿನ ಅರ್ಥ ನೀರೊಳಗಿನ ಚಂದ್ರ. ಅವರ ಮಾವ ಅಲ್ಲಿ ತೋಟಗಾರರಾಗಿದ್ದರು. ಹೆಂಡತಿ ಫುಮಿಕೊ ಈಗಲೂ ಅಲ್ಲಿಗೆ ಬರುವವರಿಗೆ ತೋಟ ತೋರಿಸುವ ಕೆಲಸದಲ್ಲಿದ್ದಾರೆ. ಕಾಗದದ ಮೇಲೆ ಕೆರೆ, ಸೇತುವೆ, ಚಹಾದ ಗುಡಿಸಲು ಎಲ್ಲ ಬರೆದು ತೋರಿಸಿದರು. ಆಮೇಲೆ ಟೀ ಆರಿಹೋಯಿತೆಂದು ನನ್ನ ಕ್ಷಮೆ ಕೇಳಿದರು.

ನೀನು ಹೋಗಿ ನೋಡಿ ಬಾ. ಅವರ ಹೆಂಡತಿಗೆ ನನ್ನ ಹೆಸರು ಗೊತ್ತಂತೆ.

ಧನಂಜಯ


ಕ್ಯೋಟೋ
26 ಜುಲೈ 1990

ಅಣ್ಣ,

ನಿನ್ನ ಕಾಗದ ಬಂತು. ಇಲ್ಲೂ ಸೆಖೆ, ಮೈಗೆ ಅಂಟುವ ಸೆಖೆ. ಇವರು ಬೆಳಗ್ಗೆ ಪ್ರಯೋಗಾಲಯಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ನನಗೂ ಕೆಲಸ ಬೇಕಾದಷ್ಟಿದೆ, ತರಕಾರಿ, ಬಟ್ಟೆ, ಭಾಷೆಯ ಪಾಠ. ವಿಲ್ಲಾ ನೋಡಲು ಸದ್ಯಕ್ಕೆ ಪುರುಸೊತ್ತಿಲ್ಲ. ಮೊದಲೇ ಅರ್ಜಿ ಹಾಕಿ ಅನುಮತಿ ಪಡೆಯಬೇಕಂತೆ, ಅದೆಲ್ಲ ಯಾರು ಮಾಡುತ್ತಾರೆ? ಚಳಿಗಾಲಕ್ಕೆ ನೋಡೋಣ. ನಿಶಿಯಾಮಾ ಅವರಿಗೆ ನನ್ನ ನಮಸ್ಕಾರ ಹೇಳು.

ಅಮ್ಮನಿಗೆ ನಾನು ಇಲ್ಲಿ ಊರೆಲ್ಲ ಸುತ್ತುತ್ತಿದ್ದೇನೆ ಎಂದು ಬರೆದಿದ್ದೇನೆ. ನೀನೂ ಕೇಳಿದರೆ ಹಾಗೇ ಹೇಳು.

ಯಾಮಿನಿ


ಕ್ಯೋಟೋ
10 ಆಗಸ್ಟ್ 1990

ಅಣ್ಣ,

ಫೋನ್ ಹೋಗುತ್ತಿಲ್ಲ. ಮೈಸೂರಿನಿಂದ ಅತ್ತಿಗೆ ಟ್ರಂಕ್ ಕಾಲ್ ಮಾಡಿ, 'ನಿಮಗೇನಾದ್ರೂ ಗೊತ್ತಾಯ್ತಾ?' ಎಂದರು. ನನಗೇನು ಗೊತ್ತು? ಇರಾಕಿನ ಸೈನ್ಯ ಕುವೈತ್ ಹಿಡಿದುಕೊಂಡಿದೆ ಎಂದು ಟಿವಿಯಲ್ಲಿ ಟ್ಯಾಂಕುಗಳನ್ನು ತೋರಿಸುತ್ತಾರೆ. ಹಿನ್ನೆಲೆಯ ಪ್ರತಿಯೊಂದು ಕಟ್ಟಡವೂ ನೀನು ಕಳಿಸಿದ ಫೋಟೋದ ಕಟ್ಟಡದಂತೆಯೇ ಕಾಣುತ್ತದೆ.

ಅಂಚೆ ಕಚೇರಿಗೆ ಹೋದೆ. ಅಲ್ಲಿನ ಹೆಂಗಸು ಲಕೋಟೆಯ ಮೇಲೆ 'ಕುವೈತ್' ಎಂದಿದ್ದನ್ನು ನೋಡಿ, ಎರಡೂ ಕೈಯಲ್ಲಿ ಹಿಡಿದು ನನಗೇ ಮರಳಿಸಿದಳು. ಬೈದಿದ್ದರೂ ಚೆನ್ನಾಗಿತ್ತು. ತಲೆ ಬಗ್ಗಿಸಿ ಕೊಟ್ಟಳು.

ಆದರೂ ಬರೆಯುತ್ತಿದ್ದೇನೆ. ಎಲ್ಲಿದ್ದೀಯ?

ಯಾಮಿನಿ


ಸಾಲ್ಮಿಯಾ
16 ಸೆಪ್ಟೆಂಬರ್ 1990

ಯಾಮಿನಿ,

ಚೆನ್ನಾಗಿದ್ದೇನೆ. ಅದನ್ನೇ ಮೊದಲು ಓದಿಕೋ. ಇದೇ ಮಾತನ್ನು ಮೈಸೂರಿಗೂ ಬರೆದಿದ್ದೇನೆ.

ಪಕ್ಕದ ಮನೆಯ ಫ್ರೆಡ್ರಿಕ್, ಅವನ ಹೆಂಡತಿ ಆಲಿವ್ ನಾಳೆ ಹೊರಡುತ್ತಾರೆ. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ ಅಮ್ಮಾನ್ ಸೇರಿದರೆ ಅಲ್ಲಿಂದ ನಮ್ಮ ಸರ್ಕಾರದ ವಿಮಾನ. ನಗರದ ಮಿರ್ಕಾಬ್‌ನ ಅವನ ಆಫೀಸಿನಲ್ಲಿ ಕುರ್ಚಿಗಳೂ ಉಳಿದಿಲ್ಲವಂತೆ. ಈ ಕಾಗದವನ್ನು ಅವನು ಅಮ್ಮಾನಿನಲ್ಲಿ ಅಂಚೆಗೆ ಹಾಕುತ್ತಾನೆ. ದಾರಿಯುದ್ದಕ್ಕೂ ಬ್ಯಾಗು ಬಿಚ್ಚಿಸುತ್ತಾರೆ. 'ಕನ್ನಡ ಓದ್ಲಿಕ್ಕೆ ಅವರಿಗೆ ಬರುದಿಲ್ಲ, ಏನು ಬೇಕಾದ್ರೂ ಬರಿ' ಎಂದು ಫ್ರೆಡ್ರಿಕ್ ನಗುತ್ತಾನೆ. ಸಾಲಿನಲ್ಲಿ ನಿಂತ ಇನ್ನೊಬ್ಬ ಕನ್ನಡಿಗನ ಕೈಗೇ ಕೊಟ್ಟು ಓದಿಸಿದರೆ? ಅದಕ್ಕೇ ಯೋಗಕ್ಷೇಮ ಮಾತ್ರ ಬರೆಯುತ್ತೇನೆ.

ಊಟಕ್ಕೆ ತೊಂದರೆಯಿಲ್ಲ. ಕೆಳಗಿನ ಅಂಗಡಿಯ ಬಾವಾಕುಂಞಿ ಬಾಗಿಲು ಹಾಕಿಕೊಂಡಿದ್ದರೂ ನಮಗೆ ಅಕ್ಕಿ, ಬ್ರೆಡ್ಡು ಕೊಡುತ್ತಾನೆ. ನಾನೀಗ ಅಡುಗೆ ಕಲಿತಿದ್ದೇನೆ. ಮೂಲಂಗಿಯನ್ನು ಬಿಸಿಲಿಗೆ ಬಾಡಿಸಿ, ಉಪ್ಪು, ಅರಿಶಿನ ಬೆರೆಸಿ, ಮೇಲೆ ಕಲ್ಲು ಹೇರಿ ಇಟ್ಟಿದ್ದೇನೆ. ಈ ಮನೆಯಲ್ಲಿ ಅದಿಲ್ಲದೆ ಈಗ ಅನ್ನ ಇಳಿಯುವುದಿಲ್ಲ.

ಇನ್ನೊಂದು ಮಾತು. ನಿನಗೆ ಒಂದು ತೋಟ ನೋಡಿ ಬಾ ಎಂದಿದ್ದೆನಲ್ಲ, ಆ ತೋಟದ ಬಗ್ಗೆ ನನಗೆ ಹೇಳಿದವರು ಈಗ ಇಲ್ಲ. ಕೇಳಿದವರಿಗೆಲ್ಲ ಅವರು ಇಲ್ಲ ಅಂತಲೇ ಹೇಳುತ್ತಿದ್ದೇನೆ. ನೀನು ತಡ ಮಾಡದೆ ಹೋಗಿ, ಅವರ ಮನೆಯವರಿಗೆ ಈ ಕಾಗದವನ್ನು ಪೂರ್ತಿ ಓದಿ ಹೇಳು. ಚಳಿಗಾಲದವರೆಗೆ ಕಾಯಬೇಡ.

ಉತ್ತರ ಬರೆಯುವುದಾದರೆ ಫ್ರೆಡ್ರಿಕ್ ಅಮ್ಮಾನಿನ ಒಬ್ಬ ಟ್ಯಾಕ್ಸಿಯವನ ವಿಳಾಸ ಬರೆದು ಕಳಿಸುತ್ತಾನೆ. ಅವನು ಆಗಾಗ ಇತ್ತ ಬರುತ್ತಾನೆ. ಹೆಚ್ಚು ಬರೆಯಬೇಡ.

ಧನಂಜಯ


ಕ್ಯೋಟೋ
7 ಅಕ್ಟೋಬರ್ 1990

ಅಣ್ಣ,

ಇದನ್ನು ನಾನು ಕಳಿಸುವುದಿಲ್ಲ. ಟ್ಯಾಕ್ಸಿಯವನಿಗೆ ನಾಳೆ ಬೇರೆ ಕಾಗದ. ಆದರೆ ಇವತ್ತು ನಡೆದದ್ದನ್ನು ಯಾರಿಗಾದರೂ ಹೇಳದೆ ಇರಲಾರೆ. ನೀನು ಬಂದ ಮೇಲೆ ಓದು.

'ಅವರು ಈಗ ಇಲ್ಲ' ಎಂಬ ಸಾಲು ಓದಿ ನಾನು ಅಡುಗೆಮನೆಯ ನೆಲದ ಮೇಲೇ ಕುಳಿತುಬಿಟ್ಟೆ. ಇಲ್ಲ ಅಂದರೆ ನಮ್ಮಲ್ಲಿ ಏನರ್ಥ? ಇವರಿಗೆ ಓದಿ ಹೇಳಿದೆ. ಇವರೂ ತಲೆ ತಗ್ಗಿಸಿದರು. 'ಪಾಪ, ಹೆಸರು ಬರಿಯೋಕೂ ನಿಮ್ಮಣ್ಣಂಗೆ ಕೈ ಬಂದಿಲ್ಲ. ಹೋಗಿ ಹೇಳ್ಲೇಬೇಕು ಕಣೆ. ಆಯಮ್ಮ ಇನ್ನೂ ಕಾಯ್ತಾ ಇರ್ತಾರೆ.'

'ಏನಂತ ಹೇಳ್ಲಿ? ಯಾವ ಭಾಷೇಲಿ ಹೇಳ್ಲಿ?' ಎಂದೆ.

ನಾನು ಇಲ್ಲಿ ಎಲ್ಲಿಗೂ ಹೋಗುವವಳಲ್ಲ ಅಣ್ಣ. ತರಕಾರಿ ಅಂಗಡಿ ಬಿಟ್ಟರೆ ಮನೆ. ಬಸ್ಸಿನಲ್ಲಿ ಯಾರಾದರೂ ಏನಾದರೂ ಕೇಳಿಬಿಟ್ಟರೆ ಎಂದು ಬಸ್ಸನ್ನೇ ಹತ್ತುತ್ತಿರಲಿಲ್ಲ. ಪುರುಸೊತ್ತಿಲ್ಲ ಎಂದು ನಿನಗೆ ಬರೆದದ್ದು ಅದಕ್ಕೇ. ವಿಲ್ಲಾದ ಅನುಮತಿಗೆ ಇವರೇ ಕಾರ್ಡು ಬರೆದುಹಾಕಿದರು. ಇವತ್ತು ಭಾನುವಾರವಾದರೂ ಇವರ ಹುಳುಗಳಿಗೆ ರಜೆಯಿಲ್ಲ. ಒಬ್ಬಳೇ ಹೋದೆ.

ಬಾಗಿಲಲ್ಲಿ ನಿಂತಿದ್ದವರು ಫುಮಿಕೊ. ಗಿಡ್ಡ ಹೆಂಗಸು, ಕತ್ತರಿಸಿದ ಕೂದಲು, ನೀಲಿ ಅಂಗಿ, ಎದೆಯ ಮೇಲೆ ಹೆಸರಿನ ಪಟ್ಟಿ. ನನ್ನ ಸೀರೆ ನೋಡಿ ನಕ್ಕು ಒಳಗೆ ಬಿಟ್ಟರು. ನಾನು ಯಾರೆಂದು ಹೇಳಲಿಲ್ಲ. ಹತ್ತಾರು ಜನರ ಗುಂಪಿನ ಹಿಂದೆ ಸುಮ್ಮನೆ ನಡೆದೆ.

ತೋಟದಲ್ಲಿ ಹೂವೇ ಇಲ್ಲ. ನೆಲವೆಲ್ಲ ಪಾಚಿ, ಮಂದವಾದ ಹಸಿರು ಜಮಖಾನದಂತೆ. ನಮ್ಮೂರಲ್ಲಿ ಪಾಚಿ ಕಂಡರೆ ಸುಣ್ಣದ ಪುಡಿ ಹಾಕಿ ಉಜ್ಜುತ್ತೇವೆ. ಇಲ್ಲಿ ಇಬ್ಬರು ಹೆಂಗಸರು ಕುಕ್ಕರುಗಾಲಲ್ಲಿ ಕುಳಿತು ಅದರೊಳಗಿನ ಕಳೆಯನ್ನು ಬೆರಳಲ್ಲಿ ಹೆಕ್ಕುತ್ತಿದ್ದರು. ನಡುವೆ ಒಂದು ಕೆರೆ. ಆದರೆ ಎಲ್ಲಿ ನಿಂತರೂ ಕೆರೆ ಪೂರ್ತಿ ಕಾಣುವುದಿಲ್ಲ. ಒಂದು ತಿರುವಿನಲ್ಲಿ ಸ್ವಲ್ಪ ನೀರು, ನಾಲ್ಕು ಹೆಜ್ಜೆಗೆ ಬೇಲಿ ಅಡ್ಡ, ಮತ್ತೆ ಒಂದು ದೀಪದ ಕಂಬ, ಮಣ್ಣಿನ ಸೇತುವೆ. ಮನೆಯೂ ಹಾಗೇ. ಕಾಗದದ ಬಾಗಿಲುಗಳು, ಬರಿದಾದ ಕೋಣೆಗಳು, ಚಂದ್ರನನ್ನು ನೋಡಲೆಂದು ನೀರಿನ ಕಡೆಗೆ ಚಾಚಿದ ಬಿದಿರಿನ ಜಗಲಿ. ಕೆಲವು ಕಾಲುದಾರಿಗಳ ಮೇಲೆ ಕರಿ ಹಗ್ಗ ಸುತ್ತಿದ ಗುಂಡುಕಲ್ಲು ಇಟ್ಟಿದ್ದರು. ಇಲ್ಲಿಂದ ಮುಂದೆ ಹೋಗಬಾರದು ಎಂದು ಅರ್ಥವಂತೆ.

ಫುಮಿಕೊ ಪ್ರತಿಯೊಂದನ್ನೂ ತೋರಿಸಿ ವಿವರಿಸುತ್ತಿದ್ದರು. ನಡುವೆ ನನ್ನ ಕಡೆ ತಿರುಗಿ ಒಂದೆರಡು ಮಾತು ಇಂಗ್ಲಿಷಿನಲ್ಲಿ. ಅವರು ಅಷ್ಟು ಮುತುವರ್ಜಿಯಿಂದ ಮಾತಾಡಿದಷ್ಟೂ ನಾನು ಇನ್ನೂ ಹಿಂದೆ ಸರಿಯುತ್ತಿದ್ದೆ. ಇನ್ನೊಂದು ತಿರುವು ಕಳೆಯಲಿ ಎಂದು ಹೇಳುವುದನ್ನು ಮುಂದೂಡುತ್ತಲೇ ತೋಟ ಮುಗಿದುಹೋಯಿತು.

ಗುಂಪು ಹೊರಟಿತು. ನಾನು ಚಹಾದ ಗುಡಿಸಲ ಹತ್ತಿರ ನಿಂತೇ ಇದ್ದೆ.

'ದಾರಿ ತಪ್ಪಿತೆ?' ಎಂದು ಕೇಳಿದರು.

'ನನ್ನ ಅಣ್ಣ ಕುವೈತ್‌ನಲ್ಲಿದ್ದಾನೆ. ಹೆಸರು ಧನಂಜಯ.'

ಅವರು ಪಕ್ಕದ ಕಂಬ ಹಿಡಿದುಕೊಂಡರು. 'ಹೇಳಿ,' ಎಂದರು.

ನಿನ್ನ ಕಾಗದ ತೆಗೆದು ಮೊದಲಿನಿಂದ ಒಂದೊಂದೇ ಸಾಲನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಆ ಸಾಲು ಎಷ್ಟು ತಡವಾಗಿ ಬಂದರೆ ಅಷ್ಟು ಒಳ್ಳೆಯದು ಎಂಬ ಹೇಡಿತನ. ಬಸ್ಸು, ಬಾಗ್ದಾದ್, ಬ್ರೆಡ್ಡು, ಅಕ್ಕಿ. ಮೂಲಂಗಿಗೆ ಬಂದಾಗ ಅವರು ಕೈ ಎತ್ತಿ ತಡೆದರು.

'ಇನ್ನೊಮ್ಮೆ ಹೇಳಿ.'

ಹೇಳಿದೆ.

'ಬಾಡಿಸಿ? ಮೇಲೆ ಕಲ್ಲು?'

'ಹೌದು.'

'ನಿಮ್ಮ ಅಣ್ಣನಿಗೆ ಮೂಲಂಗಿ ಇಷ್ಟವೆ?'

'ಅದರ ವಾಸನೆಗೇ ಊಟ ಬಿಟ್ಟು ಏಳುವವನು.'

ಅವರು ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡು ನಾನು ಗಡಿಬಿಡಿಯಲ್ಲಿ ಮುಂದಿನದನ್ನೂ ಹೇಳಿಬಿಟ್ಟೆ. 'ಅವರು ಈಗ ಇಲ್ಲ. ಕೇಳಿದವರಿಗೆಲ್ಲ ಅವರು ಇಲ್ಲ ಅಂತಲೇ ಹೇಳುತ್ತಿದ್ದೇನೆ.'

'ಯಾರು ಕೇಳುತ್ತಿದ್ದಾರೆ?' ಎಂದರು ಫುಮಿಕೊ, ನಿಧಾನವಾಗಿ, ಮಕ್ಕಳಿಗೆ ಪಾಠ ಹೇಳುವಂತೆ. 'ಜಪಾನಿನವರನ್ನು ಅಲ್ಲಿ ಹುಡುಕಿ ಹುಡುಕಿ ಹಿಡಿದು ಒಯ್ಯುತ್ತಿದ್ದಾರೆ. ಸೈನಿಕರು ಬಾಗಿಲು ತಟ್ಟಿ ಕೇಳುತ್ತಾರೆ. ನಿಮ್ಮ ಅಣ್ಣ ಇಲ್ಲ ಎನ್ನುತ್ತಾರೆ. ಮೂಲಂಗಿಯನ್ನು ಹೀಗೆ ಹಾಕುವುದು ನಮ್ಮ ಮನೆಯಲ್ಲಿ. ನನ್ನ ಗಂಡ ನಿಮ್ಮ ಅಣ್ಣನ ಮನೆಯೊಳಗೆ ಕೂತು ಅದನ್ನೇ ತಿನ್ನುತ್ತಿದ್ದಾರೆ.'

ಇಬ್ಬರೂ ಗುಡಿಸಲಿನ ಮೆಟ್ಟಿಲ ಮೇಲೆ ಕುಳಿತೆವು. ಅವರು ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದರು, ಬಿಡಲಿಲ್ಲ. ಆಗಸ್ಟಿನಿಂದ ಇವತ್ತಿನವರೆಗೆ ಅವರಿಗೂ ಒಂದು ಸುದ್ದಿಯಿಲ್ಲವಂತೆ. ಸೆರೆ ಸಿಕ್ಕವರ ಪಟ್ಟಿಯಲ್ಲಿ ಹೆಸರಿಲ್ಲ ಎಂದಾಗ ಬಂಧುಗಳೆಲ್ಲ ಮೆಲ್ಲಗೆ ಮಾತಾಡತೊಡಗಿದ್ದರಂತೆ. ಆದರೂ ದಿನವೂ ಕೆಲಸಕ್ಕೆ ಬಂದಿದ್ದಾರೆ. 'ಮನೆಯಲ್ಲಿದ್ದರೆ ಫೋನ್ ನೋಡುತ್ತಾ ಕೂರುತ್ತಿದ್ದೆ,' ಎಂದರು. ಈ ವಿಷಯ ಯಾರಿಗೂ ಹೇಳುವುದಿಲ್ಲ, ಅವರ ಕಂಪನಿಗೂ ಹೇಳುವುದಿಲ್ಲ ಎಂದು ತಾವಾಗಿಯೇ ಹೇಳಿದರು.

ಆಮೇಲೆ ಎದ್ದು, ಹಗ್ಗ ಸುತ್ತಿದ ಕಲ್ಲೊಂದನ್ನು ಎತ್ತಿ ಪಕ್ಕಕ್ಕಿಟ್ಟು ನನ್ನನ್ನು ಆ ದಾರಿಯಲ್ಲಿ ಮೇಲಕ್ಕೆ ಕರೆದುಕೊಂಡು ಹೋದರು. ಅಲ್ಲಿಂದ ಕೆರೆ ಇಡಿಯಾಗಿ ಕಾಣುತ್ತದೆ.

ವಾಪಸ್ ಬರುವಾಗ ತಪ್ಪು ಬಸ್ಸು ಹತ್ತಿದೆ. ಹೆದರಿಕೆ ಆಗಲಿಲ್ಲ.

ಯಾಮಿನಿ


ಕ್ಯೋಟೋ
8 ಅಕ್ಟೋಬರ್ 1990

ಅಣ್ಣ,

ನಾವೆಲ್ಲ ಕ್ಷೇಮ. ತೋಟ ನೋಡಿ ಬಂದೆ. ಪಾಚಿ ಹಸಿರಾಗಿದೆ. ನಿನ್ನ ಕಾಗದವನ್ನು ಪೂರ್ತಿ ಓದಿ ಹೇಳಿದೆ. ಮೂಲಂಗಿಗೆ ಅಕ್ಕಿಯ ತೌಡು ಸಿಕ್ಕರೆ ಅದನ್ನೂ ಸೇರಿಸಬೇಕಂತೆ.

ಎಲ್ಲರೂ ಊರು ಸೇರಿದರು. ಫ್ರೆಡ್ರಿಕ್ ಮಂಗಳೂರಿನಿಂದ ಬರೆದಿದ್ದಾನೆ. ನೀನು ಯಾವಾಗ?

ಯಾಮಿನಿ


ಸಾಲ್ಮಿಯಾ
11 ನವೆಂಬರ್ 1990

ಯಾಮಿನಿ,

ನಿನ್ನ ಪುಟ್ಟ ಕಾಗದ ಕೈಸೇರಿತು. ತೌಡಿನ ಸಾಲನ್ನು ಗಟ್ಟಿಯಾಗಿ ಓದಿದೆ. ಈ ಮನೆಯಲ್ಲಿ ಅದಕ್ಕೆ ಎಂಥ ಸಂತೋಷವಾಯಿತೆಂದರೆ, ಹೇಳುವಂತಿಲ್ಲ. ಮತ್ತೆ ಮತ್ತೆ ಓದಿಸಿಕೊಂಡದ್ದಾಯಿತು.

ಒಂದು ದಿನ ಕರೆಯದ ನೆಂಟರು ಬಂದು ಮನೆಯೆಲ್ಲ ನೋಡಿ ಹೋದರು. ಟಿವಿಯನ್ನೂ ಕುಕ್ಕರನ್ನೂ ತೆಗೆದುಕೊಂಡು ಹೋದರು. ಇನ್ನೇನೂ ಇಲ್ಲ. ಟಿವಿಯಲ್ಲಿ ನೋಡುವಂಥದ್ದೂ ಏನೂ ಬರುತ್ತಿರಲಿಲ್ಲ.

ಯಾವಾಗ ಹೊರಡುತ್ತೀಯ ಎಂದು ನೀನೂ ಕೇಳಿದ್ದೀಯ, ಫ್ರೆಡ್ರಿಕ್ ಮೂಲಕ ನಿನ್ನ ಅತ್ತಿಗೆಯೂ ಕೇಳಿಸಿದ್ದಾಳೆ. ಅವಳಿಗೆ ಸಿಟ್ಟು ಬಂದಿದೆ. ಬಾಕಿ ಸಂಬಳಕ್ಕೆ ಕಾಯುತ್ತಿದ್ದೇನೆ ಎಂದುಕೊಂಡಿದ್ದಾಳೆ. ಹಾಗೇ ಅಂದುಕೊಂಡಿರಲಿ. ಮನೆಗೆ ಬೀಗ ಹಾಕುವಂತಾದ ದಿನ ಹೊರಡುತ್ತೇನೆ. ಅಮ್ಮನಿಗೆ ಏನಾದರೂ ಹೇಳಿ ಸಮಾಧಾನ ಮಾಡು.

ಧನಂಜಯ


ಅಮ್ಮಾನ್
17 ಡಿಸೆಂಬರ್ 1990

ಯಾಮಿನಿ,

ಈಗ ಏನು ಬೇಕಾದರೂ ಬರೆಯಬಹುದು. ಹಿಡಿದಿಟ್ಟ ಪರದೇಶದವರನ್ನೆಲ್ಲ ಬಿಟ್ಟುಬಿಡುತ್ತೇವೆ ಎಂದು ಇರಾಕ್ ಹೇಳಿದ್ದು ರೇಡಿಯೋದಲ್ಲಿ ಬಂತು. ಮೊದಲ ದಿನ ನಂಬಲಿಲ್ಲ. ಎರಡನೆಯ ದಿನ ನಿಶಿಯಾಮಾ ಗಡ್ಡ ಬೋಳಿಸಿ, ಕೋಟು ಹಾಕಿ, ಟೈ ಕಟ್ಟಿ, ಹಾಡುಹಗಲಲ್ಲಿ ಮೆಟ್ಟಿಲಿಳಿದು ಬೀದಿಗೆ ಬಂದರು. ಬೆಳಕಿಗೆ ಕಣ್ಣು ಬಿಡಲಾಗದೆ ಸ್ವಲ್ಪ ಹೊತ್ತು ನನ್ನ ತೋಳು ಹಿಡಿದು ನಿಂತರು. ಅವರ ವಿಮಾನ ಹಾರಿದ ಸುದ್ದಿ ತಿಳಿದ ಮೇಲೆ ನಾನು ಬಸ್ಸು ಹತ್ತಿದೆ. ನಾಡಿದ್ದು ಬೊಂಬಾಯಿಗೆ ಹೊರಡುತ್ತೇನೆ. ನಿನ್ನ ಅತ್ತಿಗೆಗೆ ಇಲ್ಲಿಂದ ಫೋನ್ ಮಾಡಿದೆ. ಎಲ್ಲ ಕೇಳಿ, 'ಅದನ್ನ ಮೊದ್ಲೇ ಹೇಳೋಕೇನಾಗಿತ್ತು?' ಎಂದಳು. ಅಳುತ್ತಿದ್ದಳು. ನಾನೂ.

ನಾನು ದೊಡ್ಡ ಧೈರ್ಯವಂತ ಎಂದುಕೊಳ್ಳಬೇಡ. ಫ್ರೆಡ್ರಿಕ್ ಹೋದ ಮುಂದಿನ ವಾರ ನಾನೂ ಹೊರಟಿದ್ದೆ. 'ನೀವು ಹೋಗಲೇಬೇಕು, ನಿಮಗೆ ಮಗು ಇದೆ' ಎಂದು ನಿಶಿಯಾಮಾ ಅವರೇ ನನ್ನ ಬ್ಯಾಗು ತುಂಬಿಸಿದರು. ಬಸ್ಸಿನಲ್ಲಿ ಕುಳಿತೆ. ಎಂಜಿನ್ ಶುರುವಾಯಿತು. ಪರದೆ ಎಳೆದ ಮನೆಯಲ್ಲಿ ಅವರೊಬ್ಬರೇ, ಅಕ್ಕಿ ತೀರಿದರೆ ಬಾಗಿಲು ತೆಗೆಯುವ ಹಾಗಿಲ್ಲ. ಇಳಿದುಬಿಟ್ಟೆ. ಬೀದಿಯ ತಿರುವಿನಲ್ಲಿ ಬಾವಾಕುಂಞಿ ಸಿಕ್ಕಿದ.

'ಎಂತ ಮಾರಾಯ್ರೆ, ಎಂತಾದ್ರೂ ಮರ್ತು ಬಂದ್ರಾ?'

'ಗ್ಯಾಸ್ ಆಫ್ ಮಾಡಿಲ್ಲ ಅನ್ಸುತ್ತೆ,' ಎಂದೆ.

ಅವನು ನನ್ನ ಮುಖವನ್ನೇ ನೋಡಿದ. 'ಹಾಗಾದ್ರೆ ಹೋಗಿ. ಇಬ್ಬರಿಗೆ ಬ್ರೆಡ್ಡು ಸಂಜೆ ತರ್ತೇನೆ.' ಅವನಿಗೆ ನಾನು ಏನೂ ಹೇಳಿರಲಿಲ್ಲ.

ಆ ನೆಂಟರ ವಿಷಯ. ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆವು. ಕೆಳಗೆ ಬೂಟಿನ ಸದ್ದಾಯಿತು. ನಿಶಿಯಾಮಾ ಬಚ್ಚಲಿನ ಮೇಲಿನ ಅಟ್ಟಕ್ಕೆ ಹತ್ತಿ ಹಲಗೆ ಎಳೆದುಕೊಂಡರು. ಬಾಗಿಲು ತೆರೆದರೆ ಮೂವರು ಸೈನಿಕರು. ಅವರ ಹಿಂದೆಯೇ, ಬ್ರೆಡ್ಡಿನ ಚೀಲ ಹಿಡಿದ ಬಾವಾಕುಂಞಿ.

'ಯಾಬಾನಿ?' ಎಂದ ಒಬ್ಬ. ಜಪಾನೀ ಇದ್ದಾನೆಯೇ ಎಂದು.

'ಲಾ. ಹಿಂದಿ,' ಎಂದೆ. ಇಲ್ಲ, ನಾವು ಭಾರತದವರು.

ಅವನ ಕಣ್ಣು ಮೇಜಿನ ಮೇಲೆ ಹೋಯಿತು. ಎರಡು ತಟ್ಟೆ. ಎರಡರಲ್ಲೂ ಅರ್ಧ ಉಂಡ ಅನ್ನ. ಅಷ್ಟರಲ್ಲಿ ಬಾವಾಕುಂಞಿ ಅವರನ್ನು ಸರಿಸಿಕೊಂಡು ಒಳಗೆ ಬಂದು, ಚೀಲ ಕೆಳಗಿಟ್ಟು, ನಿಶಿಯಾಮಾ ಅವರ ತಟ್ಟೆಯ ಮುಂದೆ ಕುಳಿತು ಉಣ್ಣತೊಡಗಿದ. ಬಾಯಲ್ಲಿ ತುತ್ತಿಟ್ಟುಕೊಂಡೇ ಸೈನಿಕರಿಗೆ ಅರಬಿಯಲ್ಲಿ, ಬ್ರೆಡ್ಡು ತರಲು ಹೋಗಿ ಬರುವಷ್ಟರಲ್ಲಿ ಊಟ ಆರಿಹೋಯಿತು ಎಂದ. ನನ್ನ ಕಡೆ ತಿರುಗಿ, 'ಇದೆಂತ ಉಪ್ಪಿನಕಾಯಿ ಮಾರಾಯ್ರೆ, ಖಾರವೇ ಇಲ್ಲ' ಎಂದ.

ಅವರು ಕೋಣೆಗಳನ್ನು ನೋಡಿದರು, ಬಚ್ಚಲನ್ನೂ ನೋಡಿದರು, ಮೇಲೆ ನೋಡಲಿಲ್ಲ. ಟಿವಿ, ಕುಕ್ಕರ್ ಹೊತ್ತುಕೊಂಡು ಹೋದರು. ಬಾವಾಕುಂಞಿ ತಟ್ಟೆ ಖಾಲಿಯಾಗುವವರೆಗೆ ಏಳಲಿಲ್ಲ. ನಿಶಿಯಾಮಾ ಮೈತುಂಬ ಧೂಳಾಗಿ ಕೆಳಗಿಳಿದು ಬಂದು ಅವನ ಮುಂದೆ ಸೊಂಟದವರೆಗೆ ಬಗ್ಗಿದರು. ಅವನಿಗೆ ಏನು ಮಾಡಬೇಕೆಂದು ತಿಳಿಯದೆ, ತಾನೂ ಎದ್ದು ನಿಂತು ಬಗ್ಗಿದ.

ಬಾವಾಕುಂಞಿಯೂ ನನ್ನ ಬಸ್ಸಿನಲ್ಲೇ ಬಂದ. ಈಗ ಪಕ್ಕದ ಮಂಚದಲ್ಲಿದ್ದಾನೆ. ಉಳ್ಳಾಲಕ್ಕೆ ಹೋದ ಮೇಲೆ ಮೊದಲು ಮೀನು ತಿನ್ನಬೇಕಂತೆ.

ಧನಂಜಯ


ಕ್ಯೋಟೋ
13 ಜನವರಿ 1991

ಅಣ್ಣ,

ನೀನು ಮನೆಯಲ್ಲಿದ್ದೀಯ ಎಂದು ಲಕೋಟೆಯ ಮೇಲೆ ಮೈಸೂರಿನ ವಿಳಾಸ ಬರೆಯುವಾಗ ಎರಡು ಸಲ ಬರೆದು ಎರಡು ಸಲ ಓದಿಕೊಂಡೆ. ಅಮ್ಮ ಫೋನಿನಲ್ಲಿ, 'ಬರೀ ಮಲಗ್ತಾನೆ ಕಣೆ, ಎಬ್ಬಿಸಿದ್ರೆ ಉಂಡು ಮತ್ತೆ ಮಲಗ್ತಾನೆ' ಎಂದು ದೂರಿದರು. ದನಿಯಲ್ಲಿ ದೂರು ಇರಲಿಲ್ಲ.

ನಿಶಿಯಾಮಾ ಅವರನ್ನು ಇವತ್ತು ನೋಡಿದೆ. ನಾನೀಗ ವಾರಕ್ಕೊಮ್ಮೆ ವಿಲ್ಲಾಕ್ಕೆ ಹೋಗುತ್ತೇನೆ. ಪಾಚಿಯಲ್ಲಿ ಕಳೆ ಹೆಕ್ಕುವ ಹೆಂಗಸರ ಜೊತೆ ಕುಳಿತುಕೊಳ್ಳುತ್ತೇನೆ. ಅವರ ಮಾತು ಅರ್ಧ ಅರ್ಥವಾಗುತ್ತದೆ, ಉಳಿದರ್ಧಕ್ಕೆ ನಗುತ್ತೇವೆ. ಊರಿಗೆ ಬಂದ ಮೇಲೆ ನಿಶಿಯಾಮಾ ಬಹಳ ದಿನ ಆಸ್ಪತ್ರೆ, ಕಂಪನಿ, ಬಂಧುಗಳು ಎಂದು ಓಡಾಡಿದರಂತೆ. ಕೇಳಿದವರಿಗೆಲ್ಲ ಅದೇ ಕಥೆ ಹೇಳಿ ಸಾಕಾಗಿತ್ತು. ತೋಟಕ್ಕೆ ಬಂದದ್ದು ಇವತ್ತೇ.

ಬಂದವರು ನನಗೆ ನಮಸ್ಕರಿಸಿದರು. ಇಂಗ್ಲಿಷಿನಲ್ಲಿ ಏನೋ ಹೇಳಲು ಸಿದ್ಧಮಾಡಿಕೊಂಡು ಬಂದಿದ್ದರು. 'ನಿಮ್ಮ ಅಣ್ಣ' ಎಂದು ಶುರು ಮಾಡಿ ಮುಂದುವರಿಸಲಾಗದೆ ಕೆರೆಯ ಕಡೆ ನೋಡಿದರು. ಪರವಾಗಿಲ್ಲ ಎಂದೆ.

ತೋಟದಲ್ಲೆಲ್ಲ ತೆಳುವಾಗಿ ಹಿಮ ಬಿದ್ದಿತ್ತು, ಆದರೆ ಬಿಸಿಲಿತ್ತು. ಫುಮಿಕೊ ಗಂಡನನ್ನು ಸುತ್ತಿಸಿ ತರಬೇಕೆಂದು ಎಲ್ಲ ಯೋಚಿಸಿದ್ದರು. ನಿಶಿಯಾಮಾ ಬಿದಿರಿನ ಜಗಲಿಯವರೆಗೆ ಬಂದು, ಒಂದು ಗಳಿಗೆ ಕೂರುತ್ತೇನೆ ಎಂದು ಕುಳಿತು, ಹಾಗೇ ಕಂಬಕ್ಕೆ ಒರಗಿ, ಮಲಗಿಯೇ ಬಿಟ್ಟರು. ಫುಮಿಕೊ ಒಳಗಿನಿಂದ ಕಂಬಳಿ ತಂದು ಹೊದಿಸಿದರು.

ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಸಣ್ಣ ಗೊರಕೆಯಲ್ಲ ಅಣ್ಣ. ನೀರಿನ ಆಚೆ ದಡದಲ್ಲಿದ್ದ ತೋಟಗಾರ ತಲೆ ಎತ್ತಿ ನೋಡಿದ. ಸಾಲ್ಮಿಯಾದಲ್ಲಿ ಗೊರಕೆ ಹೊಡೆದಾಗಲೆಲ್ಲ ನೀನು ಅವರ ಮೂಗು ಹಿಡಿದು ಎಬ್ಬಿಸುತ್ತಿದ್ದೆಯಂತೆ, ಕೆಳಗಿನ ಮಹಡಿಯಲ್ಲಿ ಸೈನಿಕರು ಬಂದು ಇಳಿದುಕೊಂಡ ಮೇಲೆ ಅವರು ಸರಿಯಾಗಿ ನಿದ್ದೆಯನ್ನೇ ಮಾಡಲಿಲ್ಲವಂತೆ. ಇದನ್ನು ನೀನು ಯಾವ ಕಾಗದದಲ್ಲೂ ಬರೆಯಲಿಲ್ಲ. ಫುಮಿಕೊ ಹೇಳಿದರು.

ಅಷ್ಟರಲ್ಲಿ ಹನ್ನೊಂದು ಗಂಟೆಯ ಗುಂಪು ಬಂತು. ಎಲ್ಲರೂ ದೂರದೂರಿನವರು, ಅರ್ಜಿ ಹಾಕಿ ಅನುಮತಿಗಾಗಿ ಕಾದು ಬಂದವರು. ಜಗಲಿಯ ಮುಂದೆ ನಿಂತು, ಕಂಬಳಿ ಹೊದ್ದು ಬಾಯಿ ತೆರೆದು ಮಲಗಿದ ಮನುಷ್ಯನನ್ನು ನೋಡಿದರು. ಒಬ್ಬ ಮುದುಕ ಇದೇನು ಎನ್ನುವಂತೆ ಫುಮಿಕೊ ಕಡೆ ತಿರುಗಿದ.

'ನನ್ನ ಯಜಮಾನರು,' ಎಂದರು ಫುಮಿಕೊ. 'ಕುವೈತ್‌ನಿಂದ ಬಂದಿದ್ದಾರೆ.'

ಮುದುಕ ಟೊಪ್ಪಿಗೆ ತೆಗೆದ. ಫುಮಿಕೊ ಎಂದಿನಂತೆ ಜಗಲಿಯ ಕಥೆ ಹೇಳಲು ತೊಡಗಿದರು, ಯಾರು ಕಟ್ಟಿಸಿದರು, ಯಾವ ತಿಂಗಳ ಚಂದ್ರ ಎಲ್ಲಿ ಕಾಣುತ್ತಾನೆ. ಗೊರಕೆಯಲ್ಲಿ ಅರ್ಧ ಮಾತು ಕೇಳಿಸುತ್ತಿರಲಿಲ್ಲ. ಯಾರೂ ಎಬ್ಬಿಸಲಿಲ್ಲ.

ಯಾಮಿನಿ